ಪಾದದ ಪ್ರಶ್ನೆಗಳು ಉರ್ದುವಿಗೆ ಬಂದಾಗ

ಫಿಸಿಯೋಥೆರಪಿ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ

ಉರ್ದುವಿನಲ್ಲಿ ಪೇ, ಯೇ, ರೇ ಎಂಬ ಮೂರು ಅಕ್ಷರಗಳನ್ನು ಕೂಡಿಸಿ ಬರೆದ ಪದವೊಂದಿದೆ. ಅದನ್ನು ‘ಪೈರ್’ ಎಂದು ಓದಿದರೆ ಪಾದ ಎಂದರ್ಥ. ಅದನ್ನೇ ‘ಪೀರ್’ ಎಂದು ಓದಿದರೆ ಸೋಮವಾರ ಎಂದೂ ಆಗುತ್ತದೆ, ಸಂತ ಎಂದೂ ಆಗುತ್ತದೆ. ಹ್ರಸ್ವ ಸ್ವರಗಳ ಗುರುತುಗಳನ್ನು ಬರೆಯದೆ ಬಿಡುವುದು ಆ ಲಿಪಿಯ ರೂಢಿ. ಓದುವವರು ಸಂದರ್ಭವನ್ನು ನೋಡಿ ಸರಿಯಾದ ಉಚ್ಚಾರವನ್ನು ತಾವೇ ತುಂಬಿಕೊಳ್ಳುತ್ತಾರೆ. ಇಡೀ ವಾಕ್ಯ ಕಣ್ಣಮುಂದೆ ಇದ್ದಾಗ ಇದರಿಂದ ಯಾವ ತೊಡಕೂ ಇಲ್ಲ. ಆದರೆ ಕಾಲುನೋವಿನಿಂದ ಆಸ್ಪತ್ರೆಗೆ ಬಂದು ಬೆಂಚಿನ ಮೇಲೆ ಕುಳಿತಿರುವ, ಓದಿನ ಅಭ್ಯಾಸ ಅಷ್ಟಾಗಿ ಇಲ್ಲದ ಒಬ್ಬರ ಕೈಗೆ ಹಾಳೆಯನ್ನು ಕೊಟ್ಟು, ಅದರ ನೆತ್ತಿಯ ಮೇಲೆ ಆ ಪದವೊಂದನ್ನೇ ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರೆ, ಅವರು ಅಲ್ಲೇ ಒಂದು ಕ್ಷಣ ತಡೆಯುತ್ತಾರೆ. ‘ಪಾಂವ್’ ಎಂಬ ಇನ್ನೊಂದು ಪದವನ್ನು ಬಳಸಿದರೆ ಈ ತಡೆ ಇರುವುದಿಲ್ಲ. ಇಂದು ನಾನು ಮಾತನಾಡಬೇಕೆಂದಿರುವುದು ರೋಗಿಗಳ ಪ್ರಶ್ನಾವಳಿಯನ್ನು ಉರ್ದುವಿಗೆ ಅನುವಾದಿಸುವಾಗ ಎದುರಾಗುವ ಇಂಥ ತಡೆಗಳ ಬಗ್ಗೆ, ಮತ್ತು ಅವನ್ನು ಕಂಡುಹಿಡಿಯದೆ ಮುಂದೆ ಹೋದರೆ ನಾವು ಲೆಕ್ಕ ಹಾಕುವ ಅಂಕಿಗಳಿಗೆ ಏನಾಗುತ್ತದೆ ಎಂಬುದರ ಬಗ್ಗೆ.

ಪಾದ ಮತ್ತು ಹರಡಿನ (ಆಂಕಲ್, ಅಂದರೆ ಪಾದವೂ ಕಾಲೂ ಸೇರುವ ಕೀಲು) ತೊಂದರೆಯನ್ನು ರೋಗಿಯ ಬಾಯಿಂದಲೇ ಅಳೆಯುವ ಪ್ರಶ್ನಾವಳಿಗಳು ಹಲವಾರಿವೆ. ನಾನು ಉದಾಹರಣೆಗೆ ಎತ್ತಿಕೊಳ್ಳುವುದು ‘ಫುಟ್ ಅಂಡ್ ಆಂಕಲ್ ಔಟ್‌ಕಮ್ ಸ್ಕೋರ್’ ಎಂಬುದನ್ನು. ಸ್ವೀಡನ್ನಿನ ಎವಾ ರೂಸ್ ಮತ್ತು ಸಂಗಡಿಗರು, ಹರಡಿನ ಅಸ್ಥಿರಜ್ಜುವಿನ (ಮೂಳೆಗಳನ್ನು ಜೋಡಿಸುವ ಪಟ್ಟಿಯ) ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ 213 ಜನರ ಮೇಲೆ ಪರೀಕ್ಷಿಸಿ 2001ರಲ್ಲಿ ಅದನ್ನು ಪ್ರಕಟಿಸಿದರು. ಮೊಣಕಾಲಿಗಾಗಿ ಮೊದಲೇ ಸಿದ್ಧವಾಗಿದ್ದ ಪ್ರಶ್ನಾವಳಿಯೊಂದನ್ನು ಆಧರಿಸಿ ರೂಪಿಸಿದ ಇದರಲ್ಲಿ 42 ಪ್ರಶ್ನೆಗಳಿವೆ: ನೋವಿಗೆ 9, ಬಾವು ಬಿಗಿತ ಮೊದಲಾದ ಇತರ ಲಕ್ಷಣಗಳಿಗೆ 7, ದಿನನಿತ್ಯದ ಕೆಲಸಗಳಿಗೆ 17, ಆಟ ಮತ್ತು ವಿನೋದದ ಚಟುವಟಿಕೆಗಳಿಗೆ 5, ಬದುಕಿನ ಗುಣಮಟ್ಟಕ್ಕೆ 4. ಪ್ರತಿ ಪ್ರಶ್ನೆಗೂ ಐದು ಉತ್ತರಗಳಿದ್ದು, ಅವಕ್ಕೆ 0ಯಿಂದ 4ರವರೆಗೆ ಅಂಕ; ತೊಂದರೆಯೇ ಇಲ್ಲದಿದ್ದರೆ 0, ಅತಿ ಹೆಚ್ಚಿದ್ದರೆ 4. ಕೊನೆಗೆ ಪ್ರತಿ ವಿಭಾಗವನ್ನೂ ತಿರುವಿ ನೂರಕ್ಕೆ ಪರಿವರ್ತಿಸುತ್ತಾರೆ. 100 ಎಂದರೆ ಯಾವ ತೊಂದರೆಯೂ ಇಲ್ಲ, 0 ಎಂದರೆ ತೊಂದರೆಯ ತುತ್ತತುದಿ.

‘ಹರಡು’ ಎಂಬ ಪದವನ್ನು ನಾನು ಬೇಕೆಂದೇ ಬಳಸುತ್ತಿದ್ದೇನೆ. ಕನ್ನಡದಲ್ಲಿ ಈ ಕೀಲಿಗೆ ಎಲ್ಲರೂ ಒಪ್ಪುವ ಒಂದು ಹೆಸರಿಲ್ಲ. ಕಣಕಾಲು ಎಂದರೆ ಕೆಲವರು ಮೊಣಕಾಲಿನ ಕೆಳಗಿನ ಇಡೀ ಭಾಗವನ್ನು ತೋರಿಸುತ್ತಾರೆ, ಇನ್ನು ಕೆಲವರು ಗಿಣ್ಣು ಎನ್ನುತ್ತಾರೆ, ಹಲವರು ಇವ್ಯಾವುದರ ಗೋಜಿಗೂ ಹೋಗದೆ ‘ಕಾಲು’ ಎಂದು ಹೇಳಿ ಕೈಯಿಂದ ಮುಟ್ಟಿ ತೋರಿಸುತ್ತಾರೆ. ಉರ್ದು ಈ ವಿಷಯದಲ್ಲಿ ಅದೃಷ್ಟ ಮಾಡಿದೆ. ‘ಟಖ್‌ನಾ’ ಎಂಬ ಪದ ಶಾಲೆಯ ಮೆಟ್ಟಿಲು ಹತ್ತದವರಿಗೂ ಪರಿಚಿತ, ಏಕೆಂದರೆ ನಮಾಜಿಗೆ ಮುಂಚೆ ವುಝೂ ಮಾಡುವಾಗ ಪಾದಗಳನ್ನು ಟಖ್‌ನೆಗಳವರೆಗೆ ತೊಳೆಯಬೇಕೆಂದು ಮಕ್ಕಳಿಗೆ ಚಿಕ್ಕಂದಿನಲ್ಲೇ ಕಲಿಸಿರುತ್ತಾರೆ. ವೈದ್ಯಕೀಯದ ಪದವೊಂದು ದಿನಕ್ಕೆ ಹಲವು ಬಾರಿ ನೀರು ತಾಗುವ ಜಾಗದ ಹೆಸರಾಗಿ ಮನೆಮನೆಯಲ್ಲಿ ಉಳಿದುಕೊಂಡಿರುವುದು ಅನುವಾದಕರಿಗೆ ಸಿಕ್ಕ ದೊಡ್ಡ ಅನುಕೂಲ.

ಆದರೆ ಪದ ಸಿಕ್ಕಿದ ಮಾತ್ರಕ್ಕೆ ಪ್ರಶ್ನೆ ಸಿಕ್ಕಂತಾಗುವುದಿಲ್ಲ. ಈ ಪ್ರಶ್ನಾವಳಿ ಹೆಚ್ಚಾಗಿ ಕೇಳುವುದು ಕಳೆದ ಒಂದು ವಾರದ ಅನುಭವವನ್ನು. ‘ಕಳೆದ ವಾರ’ ಎಂಬುದನ್ನು ಉರ್ದುವಿಗೆ ತರುವಾಗ ಮೊದಲು ನಾಲಿಗೆಗೆ ಬರುವುದು ‘ಪಿಛಲೇ ಹಫ್ತೇ’. ಆದರೆ ಉರ್ದುವಿನಲ್ಲಿ ಹಫ್ತಾ ಎಂದರೆ ವಾರವೂ ಹೌದು, ಶನಿವಾರವೂ ಹೌದು. ಕಳೆದ ಶನಿವಾರ ನಿಮ್ಮ ಹರಡು ಎಷ್ಟು ನೋಯುತ್ತಿತ್ತು ಎಂದು ಕೇಳಿದಂತೆ ಒಬ್ಬರಿಗೆ ಅನಿಸಿದರೂ ಅದು ಅವರ ತಪ್ಪಲ್ಲ. ‘ಗುಜಿಶ್ತಾ ಸಾತ್ ದಿನ್’, ಅಂದರೆ ಕಳೆದ ಏಳು ದಿನಗಳು, ಎಂದು ಬರೆದರೆ ಅನುಮಾನಕ್ಕೆ ಎಡೆಯಿರುವುದಿಲ್ಲ.

ಇಲ್ಲಿ ವಿಧಾನದ ಬಗ್ಗೆ ಒಂದು ಮಾತು. ಡೋರ್ಕಸ್ ಬೀಟನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಮಾರ್ಗಸೂಚಿಯನ್ನು ಜಗತ್ತಿನಾದ್ಯಂತ ಅನುಸರಿಸುತ್ತಾರೆ. ಅದರ ಪ್ರಕಾರ ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಬೇಕು. ಅವರಲ್ಲಿ ಒಬ್ಬರಿಗೆ ವಿಷಯ ತಿಳಿದಿರಬೇಕು, ಇನ್ನೊಬ್ಬರು ವೈದ್ಯಕೀಯದ ಹಿನ್ನೆಲೆ ಇಲ್ಲದ ಸಾಮಾನ್ಯ ಭಾಷಿಕರಾಗಿರಬೇಕು. ಎರಡನ್ನೂ ಕೂಡಿಸಿ ಒಂದು ಮಾಡಬೇಕು. ಮೂಲವನ್ನು ಕಂಡಿರದ ಇಬ್ಬರು ಅದನ್ನು ಮತ್ತೆ ಮೂಲ ಭಾಷೆಗೆ ತಿರುಗಿಸಬೇಕು. ತಜ್ಞರ ಸಮಿತಿ ಕುಳಿತು ಎಲ್ಲವನ್ನೂ ಹೋಲಿಸಿ ನೋಡಬೇಕು. ಬಳಿಕ 30ರಿಂದ 40 ಜನರ ಮೇಲೆ ಪೂರ್ವಪರೀಕ್ಷೆ ಮಾಡಿ, ಅವರು ಪ್ರತಿ ಪ್ರಶ್ನೆಯನ್ನು ಏನೆಂದು ಅರ್ಥ ಮಾಡಿಕೊಂಡರು ಎಂದು ಕೇಳಬೇಕು. ಈ ಹಂತಗಳಲ್ಲಿ ಮರು ಅನುವಾದಕ್ಕೆ ನಮ್ಮ ಪ್ರಬಂಧಗಳಲ್ಲಿ ಬಹಳ ಗೌರವ, ಪೂರ್ವಪರೀಕ್ಷೆಗೆ ಒಂದೆರಡು ಸಾಲು ಮಾತ್ರ. ಇದು ತಿರುಗುಮುರುಗಾಗಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾರಣವನ್ನು ಹಫ್ತಾ ಪದವೇ ಹೇಳುತ್ತದೆ. ‘ಪಿಛಲೇ ಹಫ್ತೇ’ ಎಂಬುದನ್ನು ಯಾವ ಅನುವಾದಕರ ಕೈಗೆ ಕೊಟ್ಟರೂ ‘ಕಳೆದ ವಾರ’ ಎಂದೇ ಇಂಗ್ಲಿಷಿಗೆ ತಿರುಗಿಸುತ್ತಾರೆ. ಸಮಿತಿ ನೋಡಿ ಸರಿಯಾಗಿದೆ ಎನ್ನುತ್ತದೆ. ಶನಿವಾರದ ಸುಳಿವು ಎಲ್ಲೂ ಸಿಗುವುದಿಲ್ಲ. ಉತ್ತರಗಳ ಸಾಲಿನಲ್ಲಿರುವ ‘ಅಪರೂಪಕ್ಕೆ’ ಎಂಬುದಕ್ಕೆ ‘ಶಾಝ್ ಓ ನಾದಿರ್’ ಎಂದು ಬರೆದರೂ ಅಷ್ಟೆ. ಅದು ಗ್ರಂಥಸ್ಥ ಉರ್ದು, ಮರು ಅನುವಾದದಲ್ಲಿ ಚಿನ್ನದಂತೆ ಹೊಳೆಯುತ್ತದೆ, ಆದರೆ ತರಕಾರಿ ಗಾಡಿ ತಳ್ಳುವವರ ಮನೆಯಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲ. ಅವರು ‘ಕಭೀ ಕಭಾರ್’ ಎನ್ನುತ್ತಾರೆ. ಅದನ್ನು ಮುಂದಿನ ಉತ್ತರವಾದ ‘ಕೆಲವೊಮ್ಮೆ’ ಎಂಬುದಕ್ಕೆ ಆಗಲೇ ಬಳಸಿಬಿಟ್ಟಿದ್ದರೆ ಎರಡು ಉತ್ತರಗಳ ನಡುವಿನ ಗೋಡೆಯೇ ಬಿದ್ದುಹೋಗುತ್ತದೆ. ಇಂಥದ್ದು ಬಯಲಾಗುವುದು ಓದುವವರ ಪಕ್ಕದಲ್ಲಿ ಕುಳಿತು, ‘ಇದನ್ನು ನಿಮ್ಮ ಮಾತಿನಲ್ಲಿ ಹೇಳಿ’ ಎಂದು ಕೇಳಿದಾಗ ಮಾತ್ರ.

ವ್ಯಾಕರಣದ ಒಂದು ಸಂಗತಿಯನ್ನೂ ಸೇರಿಸುತ್ತೇನೆ. ಕನ್ನಡದಲ್ಲಿ ‘ನಿಮ್ಮ ಪಾದವನ್ನು ಪೂರ್ತಿ ಚಾಚಬಲ್ಲಿರಾ’ ಎಂದರೆ ಗಂಡಸಿಗೂ ಹೆಂಗಸಿಗೂ ಸಲ್ಲುತ್ತದೆ. ಉರ್ದುವಿನಲ್ಲಿ ಕ್ರಿಯಾಪದಕ್ಕೆ ಲಿಂಗವಿದೆ. ‘ಕರ್ ಸಕ್ತೇ ಹೈಂ’ ಎಂದರೆ ಗಂಡಸಿಗೆ, ‘ಕರ್ ಸಕ್ತೀ ಹೈಂ’ ಎಂದರೆ ಹೆಂಗಸಿಗೆ. ಎರಡನ್ನೂ ಗೆರೆ ಹಾಕಿ ಬರೆದರೆ ಓದಲು ತೊಡಕು, ಒಂದನ್ನೇ ಬರೆದರೆ ಅರ್ಧದಷ್ಟು ಜನರಿಗೆ ಅದು ತಮ್ಮನ್ನು ಕೇಳಿದ ಪ್ರಶ್ನೆಯಲ್ಲ. ‘ಚಲ್ನೇ ಮೇಂ ದುಶ್ವಾರೀ’, ಅಂದರೆ ನಡೆಯುವುದರಲ್ಲಿ ಕಷ್ಟ, ಎಂಬಂಥ ನಾಮಪದದ ರಚನೆ ಈ ಇಕ್ಕಟ್ಟಿನಿಂದ ಪಾರು ಮಾಡುತ್ತದೆ; ಅದೃಷ್ಟವಶಾತ್ ಮೂಲದ ದಿನನಿತ್ಯದ ಕೆಲಸಗಳ ಪಟ್ಟಿಯೂ ಹಾಗೆಯೇ ಇದೆ.

ಲಿಪಿ ಬಲದಿಂದ ಎಡಕ್ಕೆ ಸಾಗುವುದರಿಂದ ಉತ್ತರದ ಚೌಕಗಳೂ ಬಲದಿಂದಲೇ ಶುರುವಾಗುತ್ತವೆ. ಉತ್ತರಿಸುವವರಿಗೆ ಅದು ಸಹಜ. ತೊಂದರೆಯಾಗುವುದು ಅಂಕಗಳನ್ನು ಕಂಪ್ಯೂಟರಿಗೆ ತುಂಬಿಸುವವರಿಗೆ: ಇಂಗ್ಲಿಷ್ ಹಾಳೆಗೆ ಒಗ್ಗಿದ ಕಣ್ಣು ಎಡತುದಿಯ ಚೌಕವನ್ನು 0 ಎಂದು ಓದಿದರೆ, ವಿಪರೀತ ನೋವಿರುವವರು ಪೂರ್ಣ ಆರೋಗ್ಯವಂತರಾಗಿ ದಾಖಲಾಗುತ್ತಾರೆ. ಇದರ ಮೇಲೆ ಮೂಲದಲ್ಲೇ ಒಂದು ತಿರುವಿದೆ. ಬಾವು, ಸದ್ದು, ಸಿಕ್ಕಿಕೊಳ್ಳುವುದು ಎಂಬ ಮೊದಲ ಮೂರು ಲಕ್ಷಣಗಳಿಗೆ ಉತ್ತರಗಳು ‘ಎಂದೂ ಇಲ್ಲ’ದಿಂದ ‘ಯಾವಾಗಲೂ’ ಕಡೆಗೆ ಸಾಗಿದರೆ, ಪಾದವನ್ನು ಪೂರ್ತಿ ಚಾಚುವ ಮತ್ತು ಮಡಿಸುವ ಪ್ರಶ್ನೆಗಳಿಗೆ ‘ಯಾವಾಗಲೂ’ದಿಂದ ‘ಎಂದೂ ಇಲ್ಲ’ದ ಕಡೆಗೆ ಸಾಗುತ್ತವೆ. ಅವಸರದಲ್ಲಿ ಮೇಲಿನಿಂದ ಕೆಳಗೆ ಒಂದೇ ಸಾಲಿನ ಚೌಕಗಳಿಗೆ ಗುರುತು ಹಾಕುತ್ತ ಹೋಗುವವರು ಇಲ್ಲಿ ತಮಗೆ ಗೊತ್ತಿಲ್ಲದೆಯೇ ತದ್ವಿರುದ್ಧ ಉತ್ತರ ಕೊಡುತ್ತಾರೆ. ಪ್ರತಿ ಚೌಕದ ಪಕ್ಕದಲ್ಲೂ ಅಂಕವನ್ನು ಚಿಕ್ಕದಾಗಿ ಅಚ್ಚು ಹಾಕಿದರೆ ಅಂಕ ತುಂಬಿಸುವವರ ತಪ್ಪು ಕಡಿಮೆಯಾಗುತ್ತದೆ. ಉತ್ತರಿಸುವವರ ತಪ್ಪನ್ನು ತಡೆಯಲು ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಈಗ ನನ್ನನ್ನು ಅತಿ ಹೆಚ್ಚು ಕಾಡಿದ ಭಾಗಕ್ಕೆ ಬರುತ್ತೇನೆ. ‘ಆಟ ಮತ್ತು ವಿನೋದ’ ವಿಭಾಗದ ಐದು ಪ್ರಶ್ನೆಗಳು ಇವು: ಕುಕ್ಕರಗಾಲಿನಲ್ಲಿ ಕೂರುವುದು, ಓಡುವುದು, ಜಿಗಿಯುವುದು, ನೋವಿರುವ ಕಾಲಿನ ಮೇಲೆ ಹೊರಳುವುದು, ಮಂಡಿಯೂರುವುದು. ಸ್ವೀಡನ್ನಿನಲ್ಲಿ ಕುಕ್ಕರಗಾಲಿನಲ್ಲಿ ಕೂರುವುದು ತೋಟದ ಕೆಲಸಕ್ಕೋ ವ್ಯಾಯಾಮಕ್ಕೋ ಸೇರಿದ್ದಾಗಿರಬಹುದು. ಲಾಹೋರಿನ ಓಣಿಯಲ್ಲಿ ವಾಸಿಸುವವರಿಗೆ ಅದು ಬೆಳಗಿನ ಶೌಚ, ಬಟ್ಟೆ ಒಗೆಯುವುದು, ನೆಲ ಒರೆಸುವುದು. ಮಂಡಿಯೂರುವುದಂತೂ ದಿನಕ್ಕೆ ಐದು ಹೊತ್ತಿನ ಕರ್ತವ್ಯ. ಫರ್ಝ್ (ಕಡ್ಡಾಯ) ನಮಾಜಿನ ರಕಅತ್‌ಗಳನ್ನಷ್ಟೇ, ಅಂದರೆ ಪ್ರಾರ್ಥನೆಯ ಸುತ್ತುಗಳನ್ನಷ್ಟೇ, ಲೆಕ್ಕ ಹಾಕಿದರೂ ದಿನಕ್ಕೆ 17, ಪ್ರತಿ ರಕಅತ್‌ಗೆ ಎರಡು ಸಜ್ದಾ. ಅಲ್ಲಿಗೆ ಹಣೆಯನ್ನು ನೆಲಕ್ಕೆ ತಾಗಿಸುವುದು 34 ಬಾರಿ.

ಆ ಭಂಗಿಯನ್ನು ಹತ್ತಿರದಿಂದ ನೋಡಿ. ಸಜ್ದಾದಲ್ಲಿ ಕಾಲ್ಬೆರಳುಗಳು ಮಡಿದು ನೆಲವನ್ನು ಒತ್ತಿ ಹಿಡಿಯುತ್ತವೆ. ಅಲ್ಲಿಂದ ಎದ್ದು ಕೂರುವಾಗ, ಈ ಉಪಖಂಡದಲ್ಲಿ ಹೆಚ್ಚಾಗಿ ರೂಢಿಯಲ್ಲಿರುವ ಹನಫಿ ಪಂಥದ ಕ್ರಮದಂತೆ, ಗಂಡಸರು ಎಡಪಾದವನ್ನು ಮಲಗಿಸಿ ಅದರ ಮೇಲೆ ಕೂರುತ್ತಾರೆ. ಪಾದದ ಮೇಲ್ಭಾಗ ನೆಲಕ್ಕೆ ತಾಗುವಷ್ಟು ಎಡ ಹರಡು ಚಾಚಿಕೊಳ್ಳಬೇಕು, ಮೈಭಾರ ಅದರ ಮೇಲೆ ಬೀಳುತ್ತದೆ. ಬಲಪಾದ ನೆಟ್ಟಗೆ ನಿಂತಿರುತ್ತದೆ, ಅದರ ಬೆರಳುಗಳು ಕಿಬ್ಲಾದ (ಮೆಕ್ಕಾದ ದಿಕ್ಕಿನ) ಕಡೆಗೆ ಮಡಿದಿರುತ್ತವೆ. ಹೆಂಗಸರು ಎರಡೂ ಪಾದಗಳನ್ನು ಬಲಕ್ಕೆ ಸರಿಸಿ ಕೂರುತ್ತಾರೆ. ಅಂದರೆ ಎಡ ಹರಡು ಉಳುಕಿದವರ ಕಷ್ಟ ಮತ್ತು ಬಲ ಹೆಬ್ಬೆರಳಿನ ಬುಡ ಬಿಗಿದವರ ಕಷ್ಟ ಒಂದೇ ಪ್ರಾರ್ಥನೆಯ ಒಳಗೆ ಬೇರೆ ಬೇರೆ ಕ್ಷಣಗಳಲ್ಲಿ ಬರುತ್ತವೆ. ಪ್ರಶ್ನಾವಳಿಯ ‘ಮಂಡಿಯೂರುವುದು’ ಎಂಬ ಒಂದು ಪದ ಇದಿಷ್ಟನ್ನೂ ಹೊರಬೇಕು, ಅದೂ ಆಟದ ಶೀರ್ಷಿಕೆಯ ಕೆಳಗೆ ಕುಳಿತು.

ಒಂದು ಲೆಕ್ಕ ಮಾಡೋಣ. ಒಬ್ಬರಿಗೆ ಕುಕ್ಕರಗಾಲಿನಲ್ಲಿ ಕೂರುವುದೂ ಮಂಡಿಯೂರುವುದೂ ಸಾಧ್ಯವೇ ಆಗುತ್ತಿಲ್ಲ, ಎರಡಕ್ಕೂ 4 ಅಂಕ ಕೊಟ್ಟಿದ್ದಾರೆ, ಉಳಿದೆಲ್ಲಕ್ಕೂ ತೊಂದರೆಯಿಲ್ಲ ಎಂದಿದ್ದಾರೆ ಎಂದುಕೊಳ್ಳಿ. ಆಟದ ವಿಭಾಗದಲ್ಲಿ 20ರಲ್ಲಿ 8 ಹೋಗಿ ಅವರಿಗೆ ಸಿಗುವುದು 60. ದಿನನಿತ್ಯದ ಕೆಲಸಗಳ ವಿಭಾಗದಲ್ಲಿ ಸಿಗುವುದು ಪೂರ್ತಿ 100. ವರದಿಯನ್ನು ಓದುವ ವೈದ್ಯರು, ‘ಇವರ ದಿನಚರಿಗೆ ಯಾವ ಅಡ್ಡಿಯೂ ಇಲ್ಲ, ಆಟಕ್ಕೆ ಸ್ವಲ್ಪ ತೊಂದರೆ’ ಎಂದು ಬರೆಯುತ್ತಾರೆ. ಆ ವ್ಯಕ್ತಿ ಆಟವಾಡಿ ಮೂವತ್ತು ವರ್ಷಗಳಾಗಿರಬಹುದು. ಅವರು ಕಳೆದುಕೊಂಡಿರುವುದು ಮಸೀದಿಯ ಸಾಲಿನಲ್ಲಿನ ತಮ್ಮ ಜಾಗವನ್ನು. ಲೆಕ್ಕದಲ್ಲಿ ತಪ್ಪಿಲ್ಲ, ಅನುವಾದದಲ್ಲೂ ತಪ್ಪಿಲ್ಲ, ಆದರೂ ಹೇಳಿಕೆ ಸುಳ್ಳು.

ಹಾಗಾದರೆ ಆ ಎರಡು ಪ್ರಶ್ನೆಗಳನ್ನು ಎತ್ತಿ ದಿನನಿತ್ಯದ ವಿಭಾಗಕ್ಕೆ ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಹಾಗೆ ಮಾಡಿದ ಕ್ಷಣದಿಂದ ಆ ವಿಭಾಗದ ಅಂಕವನ್ನು ಬೇರೆ ಯಾವ ಭಾಷೆಯ ಅಂಕದೊಂದಿಗೂ ಹೋಲಿಸಲು ಬರುವುದಿಲ್ಲ, ಮತ್ತು ಇನ್ನೊಂದು ಊರಿನ ಅಳತೆಯೊಂದಿಗೆ ಹೋಲಿಸಲಿಕ್ಕೆಂದೇ ತಾನೇ ಹೊಸದನ್ನು ರಚಿಸುವ ಬದಲು ಅನುವಾದದ ದಾರಿ ಹಿಡಿದದ್ದು. ನನಗೆ ಸರಿಯೆನಿಸುವ ಕ್ರಮವೆಂದರೆ 42 ಪ್ರಶ್ನೆಗಳನ್ನು ಇದ್ದಲ್ಲೇ ಬಿಡುವುದು, ಶೀರ್ಷಿಕೆಯ ಕೆಳಗಿನ ಸೂಚನೆಯಲ್ಲಿ ‘ಈ ಚಲನೆಗಳನ್ನು ನೀವು ಯಾವ ಕಾರಣಕ್ಕೆ ಮಾಡಿದರೂ ಉತ್ತರಿಸಿ’ ಎಂದು ಸ್ಪಷ್ಟಪಡಿಸುವುದು, ಮತ್ತು ನಮಾಜಿನ ಕೂರುವಿಕೆ, ವುಝೂ ಮಾಡುವಾಗ ಒಂಟಿಕಾಲಿನಲ್ಲಿ ನಿಲ್ಲುವುದು, ಮೋಟರ್‌ಸೈಕಲ್ಲಿನ ಹಿಂದೆ ಹತ್ತಿ ಇಳಿಯುವುದು ಮುಂತಾದ ಕೆಲವು ಪ್ರಶ್ನೆಗಳನ್ನು ಒಟ್ಟು ಅಂಕಕ್ಕೆ ಸೇರಿಸದೆ ಪ್ರತ್ಯೇಕ ಪುಟದಲ್ಲಿ ಕೇಳುವುದು. ಚಿಕಿತ್ಸಕರಿಗೆ ಆ ಪುಟವೇ ಹೆಚ್ಚು ಉಪಯೋಗಕ್ಕೆ ಬರುತ್ತದೆಂದು ನಾನು ನಂಬಿದ್ದೇನೆ.

ಇನ್ನುಳಿದ ಪ್ರಶ್ನೆಗಳಲ್ಲಿ ಹೊಂದಾಣಿಕೆಗೆ ಜಾಗವಿದೆ. ಕಾರು ಹತ್ತಿ ಇಳಿಯುವುದನ್ನು ‘ಗಾಡಿ ಯಾ ರಿಕ್ಷಾ’ ಎಂದು ವಿಸ್ತರಿಸಬಹುದು. ಸ್ನಾನದ ತೊಟ್ಟಿಗೆ ಇಳಿದು ಹತ್ತುವುದು ಬಕೆಟ್ಟಿನಲ್ಲಿ ಮೀಯುವವರಿಗೆ ಅನ್ವಯಿಸುವುದಿಲ್ಲ; ಬಚ್ಚಲಿಗೆ ಹೋಗಿ ಬರುವುದು ಎಂದಾಗಬೇಕು. ಶೌಚಾಲಯದ ಪ್ರಶ್ನೆ ಸೂಕ್ಷ್ಮವಾದದ್ದು: ‘ಕಮೋಡ್’ ಎಂದು ಬರೆದರೆ ಕುಕ್ಕರಗಾಲಿನವರು ಹೊರಗುಳಿಯುತ್ತಾರೆ, ಶೌಚಾಲಯ ಎಂದಷ್ಟೇ ಬರೆದರೆ ಇಬ್ಬರೂ ಉತ್ತರಿಸುತ್ತಾರಾದರೂ ಇಬ್ಬರ ಹರಡು ಮಡಿಯುವ ಕೋನ ಒಂದೇ ಅಲ್ಲ. ಕಾಲುಚೀಲ ಹಾಕಿಕೊಳ್ಳುವ ಮತ್ತು ಬಿಚ್ಚುವ ಪ್ರಶ್ನೆಗಳು ವರ್ಷವಿಡೀ ಚಪ್ಪಲಿಯಲ್ಲೇ ಇರುವವರಿಗೆ ಖಾಲಿ ಉಳಿಯುತ್ತವೆ. ಖಾಲಿ ಬಿಡುವುದಕ್ಕೂ ನಿಯಮವಿದೆ. ಒಂದು ವಿಭಾಗದಲ್ಲಿ ಒಂದೆರಡು ಬಿಟ್ಟುಹೋದರೆ ಉಳಿದವುಗಳ ಸರಾಸರಿಯನ್ನು ತುಂಬಿಕೊಳ್ಳಬಹುದು, ಎರಡಕ್ಕಿಂತ ಹೆಚ್ಚಾದರೆ ಆ ವಿಭಾಗವೇ ಅಮಾನ್ಯ. ಬೆಳಗ್ಗೆ ಮೊದಲು ಎಚ್ಚರವಾದಾಗಿನ ಬಿಗಿತವನ್ನು ಕೇಳುವ ಪ್ರಶ್ನೆಯಲ್ಲೂ, ಮುಂಜಾವಿನ ಫಜರ್ ನಮಾಜಿಗೆ ಎದ್ದು ಮತ್ತೆ ಮಲಗುವವರಿಗೆ ಯಾವ ಎಚ್ಚರ ಎಂದು ಹೇಳಬೇಕಾಗುತ್ತದೆ.

ಇನ್ನೊಂದು ಬಗೆಯ ಖಾಲಿ ಜಾಗ ಹಾಳೆಯ ಮೇಲೆ ಕಾಣುವುದಿಲ್ಲ. ನೆಲದ ಮೇಲೆ ಕೂರಲಾಗದೆ ಮಸೀದಿಯಲ್ಲಿ ಕುರ್ಚಿ ಹಾಕಿಕೊಂಡು ನಮಾಜ್ ಮಾಡುವವರನ್ನು ನೀವೆಲ್ಲ ನೋಡಿದ್ದೀರಿ. ಅವರನ್ನು ‘ಕಳೆದ ಏಳು ದಿನಗಳಲ್ಲಿ ಮಂಡಿಯೂರುವಾಗ ಎಷ್ಟು ಕಷ್ಟವಾಯಿತು’ ಎಂದು ಕೇಳಿದರೆ ಪ್ರಾಮಾಣಿಕ ಉತ್ತರ ‘ಆಗಲಿಲ್ಲ’ ಎಂಬುದು, ಏಕೆಂದರೆ ಅವರು ಮಂಡಿಯೂರುವುದನ್ನೇ ಬಿಟ್ಟಿದ್ದಾರೆ. ತೊಂದರೆ ಅತಿ ಹೆಚ್ಚಿರುವವರೇ ತೊಂದರೆಯಿಲ್ಲದವರ ಸಾಲಿಗೆ ಸೇರುತ್ತಾರೆ. ಕಷ್ಟದಿಂದಾಗಿ ಬಿಟ್ಟಿದ್ದರೆ ಕೊನೆಯ ಚೌಕಕ್ಕೆ ಗುರುತು ಹಾಕಿ ಎಂಬ ಸೂಚನೆ ಬೇಕೇ ಬೇಡವೇ ಎಂಬುದನ್ನು ಸಮಿತಿ ಮೊದಲೇ ತೀರ್ಮಾನಿಸಿ, ತೀರ್ಮಾನವನ್ನು ಪ್ರಬಂಧದಲ್ಲಿ ಬರೆಯಬೇಕು.

ಇನ್ನು ಅನುವಾದಿಸಿದ ಪ್ರಶ್ನಾವಳಿಯನ್ನು ನಂಬಬಹುದೇ ಎಂದು ಹೇಳುವ ಸಿಂಧುತ್ವದ ಅಂಕಿಗಳು. ಮೊದಲನೆಯದು 1951ರಲ್ಲಿ ಲೀ ಕ್ರಾನ್‌ಬಾಕ್ ವಿವರಿಸಿದ ಆಲ್ಫಾ. ಒಂದು ವಿಭಾಗದ ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದಿಕೊಂಡು ನಡೆಯುತ್ತವೆ ಎಂಬುದನ್ನು ಅದು ಹೇಳುತ್ತದೆ. 0.70ರಿಂದ 0.95ರ ನಡುವೆ ಇದ್ದರೆ ಒಳ್ಳೆಯದೆಂದು ವಾಡಿಕೆ. ಆದರೆ ಪ್ರಶ್ನೆಗಳ ಸಂಖ್ಯೆ ಹೆಚ್ಚಿದಂತೆ ಆಲ್ಫಾ ತಾನಾಗಿಯೇ ಏರುತ್ತದೆ. ಮೆಟ್ಟಿಲು ಹತ್ತುವುದು, ಇಳಿಯುವುದು, ನಿಲ್ಲುವುದು, ನಡೆಯುವುದು ಎಂದು 17 ಪ್ರಶ್ನೆಗಳಿರುವ ವಿಭಾಗದಲ್ಲಿ ಒರಟಾದ ಅನುವಾದಕ್ಕೂ ಎತ್ತರದ ಆಲ್ಫಾ ಬಂದುಬಿಡಬಹುದು. ಎಲ್ಲರೂ ‘ಹಫ್ತಾ’ವನ್ನು ಶನಿವಾರ ಎಂದೇ ಓದಿದ್ದರೂ ಆಲ್ಫಾ ಕದಲುವುದಿಲ್ಲ.

ಎರಡನೆಯದು ಮರುಪರೀಕ್ಷೆಯ ವಿಶ್ವಸನೀಯತೆ. ಸ್ಥಿತಿ ಬದಲಾಗದ ವ್ಯಕ್ತಿಗೆ ಕೆಲವು ದಿನಗಳ ಬಳಿಕ ಅದೇ ಹಾಳೆಯನ್ನು ಕೊಟ್ಟರೆ ಅದೇ ಉತ್ತರ ಬರಬೇಕು. ಇದಕ್ಕೆ ಕನಿಷ್ಠ 50 ಜನ, ಆಲ್ಫಾಕ್ಕೆ ಕನಿಷ್ಠ 100 ಜನ ಇರಬೇಕೆಂದು ಕರೊಲಿನ್ ಟೆರ್ವೆ ಮತ್ತು ಸಂಗಡಿಗರು 2007ರಲ್ಲಿ ಮುಂದಿಟ್ಟ ಮಾನದಂಡ ಇಂದಿಗೂ ಬಳಕೆಯಲ್ಲಿದೆ. ನೂರಕ್ಕೆ 15ಕ್ಕಿಂತ ಹೆಚ್ಚು ಜನ ಅತಿ ಕೆಳಗಿನ ಅಥವಾ ಅತಿ ಮೇಲಿನ ಅಂಕದಲ್ಲೇ ಗುಂಪುಗೂಡಿದರೆ ಅಳತೆಗೋಲು ಅಲ್ಲಿ ಕುರುಡು ಎಂದು ಹೇಳಿದವರೂ ಅವರೇ.

ಚಿಕಿತ್ಸಕರು ಕೇಳಬೇಕಾದದ್ದು ಇದರ ಮುಂದಿನ ಮಾತನ್ನು. ಉದಾಹರಣೆಗೆಂದು ಒಂದು ಗುಂಪಿನ ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 20, ಮರುಪರೀಕ್ಷೆಯ ಸಹಸಂಬಂಧ (ಎರಡು ಸಲದ ಉತ್ತರಗಳ ಹೊಂದಿಕೆ; ಪೂರ್ತಿ ಹೊಂದಿದರೆ 1) 0.91 ಎಂದಿಟ್ಟುಕೊಳ್ಳಿ, ನೋಡಲು ಬಹಳ ಚೆನ್ನಾಗಿದೆ. 1ರಿಂದ 0.91 ಕಳೆದು ವರ್ಗಮೂಲ ತೆಗೆದರೆ 0.3, ಅದನ್ನು 20ರಿಂದ ಗುಣಿಸಿದರೆ ಅಳತೆಯ ದೋಷ 6 ಅಂಕ. ಒಬ್ಬ ವ್ಯಕ್ತಿಯಲ್ಲಿ ನಿಜವಾದ ಬದಲಾವಣೆಯಾಗಿದೆ ಎನ್ನಲು ಆ 6ನ್ನು 1.96ರಿಂದಲೂ 2ರ ವರ್ಗಮೂಲದಿಂದಲೂ ಗುಣಿಸಬೇಕು. ಬರುವುದು ಸುಮಾರು 17. ಅಂದರೆ ಆರು ವಾರಗಳ ವ್ಯಾಯಾಮದ ನಂತರ 60 ಇದ್ದದ್ದು 70 ಆಯಿತೆಂದು ನಾವು ಹಿಗ್ಗಿದರೆ, ಆ ಹತ್ತು ಅಂಕ ಬರಿಯ ಏರಿಳಿತವೂ ಆಗಿರಬಹುದು. ಈ ಸಂಖ್ಯೆಯನ್ನು ಇಂಗ್ಲಿಷ್ ರೂಪದಿಂದ ಎರವಲು ತರುವಂತಿಲ್ಲ. ಉರ್ದು ಓದುಗರು ಉರ್ದು ಹಾಳೆಗೆ ಕೊಟ್ಟ ಉತ್ತರಗಳಿಂದಲೇ ಅದು ಬರಬೇಕು.

ಯಾರ ಉತ್ತರಗಳು ಎಂಬ ಪ್ರಶ್ನೆಯೂ ಇದರೊಳಗಿದೆ. ಪಾಕಿಸ್ತಾನದ 2017ರ ಜನಗಣತಿಯಲ್ಲಿ ಉರ್ದುವನ್ನು ಮಾತೃಭಾಷೆ ಎಂದು ಬರೆಸಿದವರು ನೂರಕ್ಕೆ ಸುಮಾರು 7 ಮಂದಿ, ಪಂಜಾಬಿ ಎಂದವರು ಸುಮಾರು 39. ಹೀಗಾಗಿ ಉರ್ದು ಪ್ರಶ್ನಾವಳಿಗೆ ಉತ್ತರಿಸುವ ಬಹುಪಾಲು ಜನ ಮನೆಯಲ್ಲಿ ಪಂಜಾಬಿ, ಪಶ್ತೋ, ಸಿಂಧಿ ಅಥವಾ ಸರಾಯಿಕಿ ಆಡುವವರು. ಉರ್ದು ಅವರಿಗೆ ಶಾಲೆ, ಪತ್ರಿಕೆ, ಟಿ.ವಿ.ಯ ಭಾಷೆ. ನೋವನ್ನು ಒಂದು ಭಾಷೆಯಲ್ಲಿ ಅನುಭವಿಸಿ ಇನ್ನೊಂದರಲ್ಲಿ ಗುರುತು ಹಾಕುತ್ತಾರೆ. ಓದು ಬಾರದವರಿಗೆ ಬೇರೆಯವರು ಓದಿ ಹೇಳುತ್ತಾರೆ. ಓದುವವನು ಮಗನಾಗಿದ್ದರೆ ಹಾಸಿಗೆಯಲ್ಲಿ ಹೊರಳುವಾಗಿನ ನೋವಿನ ಬಗ್ಗೆ, ಶೌಚದ ಬಗ್ಗೆ ತಾಯಿ ಎಷ್ಟನ್ನು ಹೇಳಿಯಾರು? ಸ್ವತಃ ತುಂಬಿದ ಹಾಳೆಗಳನ್ನೂ ಓದಿ ಹೇಳಿ ತುಂಬಿಸಿದ ಹಾಳೆಗಳನ್ನೂ ಬೇರೆ ಬೇರೆಯಾಗಿ ವಿಶ್ಲೇಷಿಸುವುದು ಕನಿಷ್ಠ ಎಚ್ಚರ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ, ಗಡಿಯಾಚೆ ಸಿದ್ಧವಾದ ಉರ್ದು ರೂಪವನ್ನು ಕಲಬುರಗಿಯಲ್ಲಿ ಹಾಗೆಯೇ ಬಳಸಬಹುದೇ ಸರ್ ಎಂದು ಕೇಳಿದರು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 11 ಮಂದಿಯ ಮಾತೃಭಾಷೆ ಉರ್ದು, ಆದ್ದರಿಂದ ಪ್ರಶ್ನೆ ನಮ್ಮದೂ ಹೌದು. ಆದರೆ ನಮ್ಮವರ ಮನೆಮಾತು ದಖನಿ, ಅಂದರೆ ದಖ್ಖನ್ನಿನ ಆಡುಮಾತಿನ ಉರ್ದು; ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟೋ ಜನರಿಗೆ ಉರ್ದು ಕೇಳಿದರೆ ತಿಳಿಯುತ್ತದೆ, ಲಿಪಿ ಓದಲು ಬರುವುದಿಲ್ಲ. ನಾನು ಅವರಿಗೆ ಹೇಳಿದ್ದು ಇಷ್ಟು: ಅಂಕ ಹಾಕಲು ಹೊರಡುವ ಮೊದಲು ನಿಮ್ಮ ಹೊರರೋಗಿ ವಿಭಾಗಕ್ಕೆ ಬರುವ ಹತ್ತು ಜನರ ಪಕ್ಕದಲ್ಲಿ ಕುಳಿತು ಒಂದೊಂದೇ ಪ್ರಶ್ನೆಯನ್ನು ಓದಿ ಹೇಳಮ್ಮ, ಅವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಲಿ, ಹರಡು ಎಂದಾಗ ಅವರ ಬೆರಳು ಎಲ್ಲಿಗೆ ಹೋಗುತ್ತದೆಂದು ನೋಡು, ‘ಶಾಝ್ ಓ ನಾದಿರ್’ ಎಂದಾಗ ಸುಮ್ಮನಾದರೆ ಆ ಜಾಗಕ್ಕೆ ಅವರು ಯಾವ ಪದವನ್ನು ಆಡುತ್ತಾರೋ ಅದನ್ನು ಅಂಚಿನಲ್ಲಿ ಬರೆದುಕೋ.